ಸಾಲದ ಲೆಕ್ಕ, ಋಣದ ಲೆಕ್ಕ
ಕೊರಿಯಾದ ಧಾರಾವಾಹಿಗಳ ಒಂದು ವಿಮರ್ಶೆ

ಕನ್ನಡದಲ್ಲಿ ಸಾಲ ಎಂಬ ಮಾತೂ ಉಂಟು, ಋಣ ಎಂಬ ಮಾತೂ ಉಂಟು. ನಿಘಂಟಿನಲ್ಲಿ ಇವೆರಡೂ ಒಂದನ್ನೊಂದು ಸಮೀಪಿಸಿದರೂ ಬಳಕೆಯಲ್ಲಿ ಇವುಗಳ ಅಂತರ ದೊಡ್ಡದು. ಸಾಲಕ್ಕೆ ಪತ್ರವಿದೆ, ವಾಯಿದೆಯಿದೆ, ಬಡ್ಡಿಯ ದರವಿದೆ. ಅಸಲು ಬಡ್ಡಿ ಸಂದಾಯವಾದ ದಿನ ಪತ್ರವನ್ನು ಹರಿದು ಹಾಕಿದರೆ ಅಲ್ಲಿಗೆ ಆ ಸಂಬಂಧ ಮುಗಿಯಿತು. ಋಣಕ್ಕೆ ಪತ್ರವಿಲ್ಲ. ಹೆತ್ತವರ ಋಣ, ಅನ್ನವಿಕ್ಕಿದವರ ಋಣ, ಕಷ್ಟಕಾಲದಲ್ಲಿ ಬಾಗಿಲು ತೆರೆದವರ ಋಣ ಇವುಗಳ ಮೊತ್ತವನ್ನು ಯಾವ ಖಾತೆಪುಸ್ತಕದಲ್ಲಿಯೂ ಬರೆಯಲಾಗದು. ಈ ಎರಡು ಲೆಕ್ಕಗಳು ಒಬ್ಬ ಮನುಷ್ಯನ ಬಾಳಿನಲ್ಲಿ ಒಂದರೊಡನೊಂದು ತೊಡರಿಕೊಂಡಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಇತ್ತೀಚಿನ ವರ್ಷಗಳಲ್ಲಿ ಅತ್ಯಂತ ತಾಳ್ಮೆಯಿಂದ ಶೋಧಿಸಿರುವ ಜನಪ್ರಿಯ ಕಲೆಗಳಲ್ಲಿ ದಕ್ಷಿಣ ಕೊರಿಯಾದ ದೂರದರ್ಶನ ಧಾರಾವಾಹಿಯೂ ಒಂದೆಂದರೆ ಕೆಲವು ವಾಚಕರಿಗೆ ಅಚ್ಚರಿಯಾದೀತು.

ಈ ಧಾರಾವಾಹಿಗಳು ಭಾರತದ ಮನೆಗಳನ್ನು ಪ್ರವೇಶಿಸಿದ್ದು ಇಂದು ನಿನ್ನೆಯಲ್ಲ. ಅರಮನೆಯ ಅಡುಗೆಮನೆಯಿಂದ ರಾಜವೈದ್ಯೆಯ ಸ್ಥಾನಕ್ಕೇರಿದ ಹೆಣ್ಣುಮಗಳ ಕಥೆಯಾದ 'ದೇ ಜಾಂಗ್ ಗೂಮ್' 2006ರಲ್ಲಿಯೇ 'ಘರ್ ಕಾ ಚಿರಾಗ್' ಎಂಬ ಹಿಂದೀ ಹೆಸರಿನಲ್ಲಿ ದೂರದರ್ಶನದಲ್ಲಿ ಪ್ರಸಾರವಾಗಿತ್ತು. ಆದರೆ ಅವು ಮನೆಮಾತಾದದ್ದು 2020ರ ಗೃಹಬಂಧನದ ಕಾಲದಲ್ಲಿ. ಆ ಒಂದು ವರ್ಷದಲ್ಲಿ ಭಾರತದಲ್ಲಿ ಕೊರಿಯಾದ ಧಾರಾವಾಹಿಗಳ ವೀಕ್ಷಣೆ ಹಿಂದಿನ ವರ್ಷಕ್ಕಿಂತ ಶೇಕಡಾ 370ಕ್ಕೂ ಮಿಗಿಲಾಗಿ ಏರಿತೆಂದು ನೆಟ್‌ಫ್ಲಿಕ್ಸ್ ಸಂಸ್ಥೆಯೇ ಪ್ರಕಟಿಸಿತು. ಅಂದಿನಿಂದ ಹಿರಿಯರು ಇದನ್ನು ಎಳೆಯರ ಗೀಳೆಂದು ಆಕ್ಷೇಪಿಸುತ್ತಾರೆ. ಎಳೆಯರು ಅಲ್ಲಿಯ ಪ್ರೇಮವನ್ನೂ ಉಡುಪನ್ನೂ ಹಾಡನ್ನೂ ಕೊಂಡಾಡುತ್ತಾರೆ. ಈ ಎರಡು ಪಕ್ಷದವರೂ ಬಹುಮಟ್ಟಿಗೆ ಗಮನಿಸದ ಸಂಗತಿಯೊಂದಿದೆ. ಈ ಕಥೆಗಳಲ್ಲಿ ಪ್ರೇಮದಷ್ಟೇ ಸ್ಥಳವನ್ನು ಹಣ ಆಕ್ರಮಿಸಿದೆ. ಬಾಡಿಗೆ, ಜಾಮೀನು, ಬಡ್ಡಿ, ದಿವಾಳಿ, ತಿಂಗಳ ಕೊನೆಯ ಸಂಬಳ ಇವು ಅಲ್ಲಿ ಕಥೆಯ ಹಿನ್ನೆಲೆಯಾಗಿ ಉಳಿಯದೆ ಕಥೆಯನ್ನೇ ನಡೆಸುತ್ತವೆ.

ಇದಕ್ಕೆ ಕಾರಣ ಆ ದೇಶದ ಇತ್ತೀಚಿನ ಚರಿತ್ರೆಯಲ್ಲಿದೆ. 1997ರ ಕೊನೆಯಲ್ಲಿ ಕೊರಿಯಾದ ವಿದೇಶೀ ವಿನಿಮಯದ ಸಂಗ್ರಹ ಬರಿದಾಗಿ, ಸರಕಾರವು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲಿಗೆ ಹೋಗಬೇಕಾಯಿತು. ದೊಡ್ಡ ದೊಡ್ಡ ಸಂಸ್ಥೆಗಳು ಮುಳುಗಿದವು; ಅವನ್ನು ನೆಚ್ಚಿದ್ದ ಸಣ್ಣ ಕಾರಖಾನೆಗಳೂ ಅಂಗಡಿಗಳೂ ಅವುಗಳೊಡನೆ ಮುಳುಗಿದವು. ಮರುವರ್ಷದ ಆರಂಭದಲ್ಲಿ ಸುಮಾರು 35 ಲಕ್ಷ ಜನರು ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಂದ ಉಂಗುರ, ಪದಕ ಮೊದಲಾದವುಗಳನ್ನು ತಂದೊಪ್ಪಿಸಿ ಸುಮಾರು 227 ಟನ್ ಬಂಗಾರವನ್ನು ದೇಶದ ಸಾಲ ತೀರಿಸುವುದಕ್ಕಾಗಿ ಕೂಡಿಸಿದರು. 2001ರ ಆಗಸ್ಟಿನಲ್ಲಿ, ವಾಯಿದೆಗೆ 3 ವರ್ಷ ಮೊದಲೇ, ನಿಧಿಯ ಸಾಲ ಪೂರ್ತಿ ಸಂದಾಯವಾಯಿತು. ದೇಶದ ಸಾಲವೇನೋ ತೀರಿತು. ಆದರೆ ಮನೆಮನೆಯ ಸಾಲ ಬೆಳೆಯುತ್ತಲೇ ಹೋಗಿ, 2021ರ ಹೊತ್ತಿಗೆ ಕುಟುಂಬಗಳ ಒಟ್ಟು ಸಾಲ ದೇಶದ ಒಂದು ವರ್ಷದ ಉತ್ಪನ್ನಕ್ಕೆ ಹೆಚ್ಚು ಕಡಿಮೆ ಸರಿಸಮವಾಗಿತ್ತು. ಇಂತಹ ಸಮಾಜದ ಕಥೆಗಾರರು ಸಾಲವನ್ನು ಕುರಿತು ಬರೆಯದಿದ್ದರೆ ಅದೇ ಆಶ್ಚರ್ಯ.

2015–16ರಲ್ಲಿ ಪ್ರಸಾರವಾದ 'ರಿಪ್ಲೈ 1988' ಎಂಬ ಧಾರಾವಾಹಿಯನ್ನು ಮೊದಲಿಗೆ ನೋಡಬಹುದು. ಸೋಲ್ ನಗರದ ಸಂಗ್‌ಮುನ್-ದೋಂಗ್ ಎಂಬ ಬಡಾವಣೆಯ ಒಂದು ಓಣಿಯಲ್ಲಿ ಐದು ಮನೆಗಳು. ಅವುಗಳಲ್ಲೊಂದರ ಯಜಮಾನ ಬ್ಯಾಂಕಿನ ನೌಕರ. ಪರರ ಹಣವನ್ನು ದಿನವೂ ಎಣಿಸುವ ಈತ ಪರಿಚಿತನೊಬ್ಬನ ಸಾಲಕ್ಕೆ ಜಾಮೀನು ನಿಂತು, ಆ ಸಾಲ ತನ್ನ ತಲೆಗೆ ಬಂದು, ಸಂಬಳದ ಬಹುಭಾಗವನ್ನು ಅದಕ್ಕೇ ಕಟ್ಟುತ್ತ, ಅರ್ಧ ನೆಲದೊಳಗಿರುವ ಕೋಣೆಗಳಲ್ಲಿ ಸಂಸಾರವನ್ನು ಸಾಗಿಸುತ್ತಿದ್ದಾನೆ. ಅದೇ ಕಟ್ಟಡದ ಮೇಲುಭಾಗದಲ್ಲಿ ಮನೆಯ ಒಡೆಯರ ಸಂಸಾರ. ಅವರಿಗೆ ಐಶ್ವರ್ಯ ಬಂದದ್ದು ಲಾಟರಿಯಿಂದ. ಒಬ್ಬನು ಸ್ನೇಹಕ್ಕಾಗಿ ಸಹಿ ಹಾಕಿ ಕೆಳಗಿಳಿದ, ಇನ್ನೊಬ್ಬರು ಒಂದು ಚೀಟಿಯಿಂದ ಮೇಲೇರಿದರು. ಈ ವಿಷಮತೆಯನ್ನು ಕಥೆಗಾರರು ಭಾಷಣದ ಮೂಲಕ ಹೇಳುವುದಿಲ್ಲ. ಒಂದೇ ಕಟ್ಟಡದ ಮೆಟ್ಟಿಲುಗಳಿಂದ ಸೂಚಿಸುತ್ತಾರೆ.

ಕೆಳಮನೆಯ ಗೃಹಿಣಿ ಕೈಗಡ ಕೇಳಲೆಂದು ಮೇಲ್ಮನೆಗೆ ಬಂದು, ಕೇಳಲು ಬಾಯಿ ಬಾರದೆ ಬೇರೆ ಮಾತನ್ನಾಡಿ ಹಿಂದಿರುಗುವ ಪ್ರಸಂಗವೊಂದಿದೆ. ಮೇಲ್ಮನೆಯಾಕೆ ಅದನ್ನು ತಾನಾಗಿಯೇ ತಿಳಿದು, ತಿನಿಸಿನ ಬುಟ್ಟಿಯೊಳಗೆ ಹಣದ ಲಕೋಟೆಯನ್ನಿಟ್ಟು ಕೊಡುತ್ತಾಳೆ. ಬೇಡುವವಳ ಮಾನ ಉಳಿಯಿತು, ಕೊಡುವವಳ ಹೆಚ್ಚಳಿಕೆಯೂ ಮರೆಯಾಯಿತು. ಇದು ಸಾಲವೇ, ದಾನವೇ ಎಂದು ಧಾರಾವಾಹಿ ತೀರ್ಪು ಕೊಡುವುದಿಲ್ಲ. ಲೇವಾದೇವಿಯ ಅನುಭವವುಳ್ಳ ಪ್ರೇಕ್ಷಕನಿಗೆ ಈ ಧಾರಾವಾಹಿಯ ಇನ್ನೊಂದು ಮಾತು ನಗೆ ತರಿಸುತ್ತದೆ. ಪಂದ್ಯ ಗೆದ್ದ ನೆರೆಮನೆಯ ಹುಡುಗನಿಗೆ ಬಂದ 5 ಕೋಟಿ ವೊನ್ ಬಹುಮಾನವನ್ನು ಎಲ್ಲಿ ತೊಡಗಿಸಬೇಕೆಂಬ ಚರ್ಚೆಯಲ್ಲಿ, ಬ್ಯಾಂಕಿನ ಬಡ್ಡಿ ಈಗ ಶೇಕಡಾ 15ಕ್ಕೆ ಇಳಿದುಬಿಟ್ಟಿದೆಯೆಂದು ಅಲ್ಲಿಯವರು ಕೊರಗುತ್ತಾರೆ! 15ನ್ನು ಕಡಮೆಯೆಂದು ಬಗೆದ ಆ ಕಾಲದ ನೆಮ್ಮದಿ ಒಂಬತ್ತೇ ವರ್ಷಗಳಲ್ಲಿ ಕುಸಿಯಲಿದೆ ಎಂಬುದು ಪ್ರೇಕ್ಷಕನಿಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. ಆ ನಗೆಯ ಹಿಂದೆ ಕನಿಕರವೂ ಇದೆ.

ಆ ಕುಸಿತದ ಮರುದಿನಗಳ ಕಥೆಯನ್ನು 2022ರ 'ಟ್ವೆಂಟಿ ಫೈವ್ ಟ್ವೆಂಟಿ ಒನ್' ಹೇಳುತ್ತದೆ. ಬೇಕ್ ಯಿ-ಜಿನ್ ಎಂಬ ಯುವಕನ ತಂದೆಯ ಉದ್ಯಮ 1997ರ ಸಂಕಟದಲ್ಲಿ ದಿವಾಳಿಯಾಗಿ, ಸಂಸಾರ ಚದುರಿಹೋಗಿದೆ. ಬರಬೇಕಾದ ಹಣಕ್ಕಾಗಿ ಅಲೆಯುತ್ತಿರುವವರು ಮಗನನ್ನು ಪತ್ತೆಹಚ್ಚಿ ಬಂದು ನಿಲ್ಲುತ್ತಾರೆ. ಇವರು ಗೂಂಡಾಗಳಲ್ಲ, ತಂದೆಯ ಸಂಸ್ಥೆಯನ್ನು ನಂಬಿ ಕೆಟ್ಟವರು, ತಮ್ಮ ಮನೆಯಲ್ಲಿಯೂ ಒಲೆ ಆರಿದವರು. ಕೊಡಲು ಕೈಯಲ್ಲಿ ಏನೂ ಇಲ್ಲದ ಯುವಕ ತಲೆಬಾಗಿ, ತಾನು ಎಂದಿಗೂ ಸುಖವಾಗಿರುವುದಿಲ್ಲವೆಂದು ಅವರಿಗೆ ಮಾತು ಕೊಡುತ್ತಾನೆ. ಹಣದ ಬದಲಿಗೆ ತನ್ನ ದುಃಖವನ್ನೇ ಅವನು ಒತ್ತೆಯಿಡುತ್ತಾನೆ.

ಈ ಪ್ರಸಂಗ ಇಡೀ ಧಾರಾವಾಹಿಯ ನೈತಿಕ ಕೇಂದ್ರ. ಮೇಲುನೋಟಕ್ಕೆ ಇದು ಮಹಾತ್ಯಾಗದಂತೆ ಕಾಣುತ್ತದೆ. ವಿಚಾರ ಮಾಡಿ ನೋಡಿದರೆ ಅದರಲ್ಲಿ ದೊಡ್ಡ ದೋಷವಿದೆ. ಸಾಲಗಾರನ ದುಃಖದಿಂದ ಸಾಲ ಕೊಟ್ಟವನ ಮನೆಗೆ ಒಂದು ಸೇರು ಅಕ್ಕಿಯೂ ಬರುವುದಿಲ್ಲ. ದುಡಿದು ಅಲ್ಪಸ್ವಲ್ಪವಾದರೂ ತೀರಿಸುವ ಶಕ್ತಿಯನ್ನು ಆ ದುಃಖವೇ ತಿಂದುಹಾಕುತ್ತದೆ. ಧಾರಾವಾಹಿಯ ಬರೆಹಗಾರ್ತಿ ಇದನ್ನು ಅರಿತಿದ್ದಾರೆ. ಕತ್ತಿವರಸೆಯ ಆಟಗಾರ್ತಿಯಾದ ನಾ ಹೀ-ದೋ ಎಂಬ ಬಾಲಿಕೆ, ಇಬ್ಬರೂ ಜೊತೆಯಲ್ಲಿರುವ ಹೊತ್ತಿನಲ್ಲಾದರೂ ಯಾರಿಗೂ ತಿಳಿಯದಂತೆ ಸುಖವಾಗಿರೋಣವೆಂದು ಅವನಿಗೆ ಸೂಚಿಸುತ್ತಾಳೆ. ಬಾಲಿಶವೆಂದು ತೋರುವ ಈ ಮಾತು ಅವನನ್ನು ಮತ್ತೆ ದುಡಿಮೆಗೆ ಅಣಿಗೊಳಿಸುತ್ತದೆ. ಆದರೂ ಕಥೆಯ ಉತ್ತರಾರ್ಧದಲ್ಲಿ ಪ್ರೇಮದ ಏಳುಬೀಳುಗಳೇ ಮುಂದಾಗಿ, ಹಣಕ್ಕಾಗಿ ಬಂದು ನಿಂತಿದ್ದ ಆ ಜನರ ಗತಿಯೇನಾಯಿತೆಂಬ ಚಿಂತೆ ಹಿಂದೆ ಸರಿಯುತ್ತದೆ. ಅಷ್ಟು ಗಂಭೀರವಾಗಿ ತೆರೆದ ಖಾತೆಗೆ ಇನ್ನಷ್ಟು ಗಮನ ಸಲ್ಲಬೇಕಾಗಿತ್ತು.

ಅಂತಹ ಖಾತೆಯನ್ನು ಕೊನೆಯ ಪುಟದವರೆಗೂ ನಿಷ್ಠೆಯಿಂದ ಬರೆದದ್ದು 2018ರ 'ಮೈ ಮಿಸ್ಟರ್'. ಕಿಮ್ ವೊನ್-ಸೋಕ್ ನಿರ್ದೇಶಿಸಿ ಪಾರ್ಕ್ ಹೇ-ಯಂಗ್ ಬರೆದ ಈ 16 ಕಂತುಗಳ ಕೃತಿ ಈವರೆಗೆ ಬಂದ ಕೊರಿಯಾದ ಧಾರಾವಾಹಿಗಳಲ್ಲಿ ಅತ್ಯುತ್ತಮವಾದವುಗಳ ಸಾಲಿಗೆ ನಿಸ್ಸಂದೇಹವಾಗಿ ಸೇರತಕ್ಕದ್ದು. ಇಪ್ಪತ್ತೊಂದರ ಹರೆಯದ ಲೀ ಜಿ-ಆನ್ ತಾಯಿ ಬಿಟ್ಟುಹೋದ ಸಾಲದ ಭಾರವನ್ನು ಹೊತ್ತು, ಮಾತು ಬಾರದ ಅಜ್ಜಿಯನ್ನು ಸಾಕುತ್ತಿದ್ದಾಳೆ. ಸಾಲ ವಸೂಲಿಗೆ ಬಂದು ಅಜ್ಜಿಯನ್ನು ಹೊಡೆಯುತ್ತಿದ್ದವನನ್ನು ಆಕೆ ಎಳೆತನದಲ್ಲಿ ಇರಿದು ಕೊಂದಿದ್ದಳು. ಈಗ ಆತನ ಮಗ ಕ್ವಾಂಗ್-ಇಲ್ ಅದೇ ಸಾಲದ ಒಡೆಯನಾಗಿ ಅವಳನ್ನು ಬೆನ್ನಟ್ಟಿದ್ದಾನೆ. ಅವನಿಗೆ ಬೇಕಾದುದು ಹಣವಲ್ಲ. ಸಾಲ ತೀರಿಹೋದರೆ ಅವಳನ್ನು ಪೀಡಿಸುವ ಅಧಿಕಾರ ಕೈತಪ್ಪುತ್ತದೆ ಎಂಬುದೇ ಅವನ ಭಯ. ಸಾಲಪತ್ರವು ದ್ವೇಷದ ಪತ್ರವಾಗಿ ಮಾರ್ಪಡುವ ಬಗೆಯನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದ ಕೃತಿಗಳು ವಿರಳ.

ಆಕೆ ತಾತ್ಕಾಲಿಕ ನೌಕರಿಯಲ್ಲಿರುವ ಕಚೇರಿಯ ಹಿರಿಯ ಎಂಜಿನಿಯರ್ ಪಾರ್ಕ್ ದೋಂಗ್-ಹೂನ್. ಅವನನ್ನು ಕೆಲಸದಿಂದ ಹೊರದೂಡಲು ನೆರವಾದರೆ ಹಣ ಕೊಡುವುದಾಗಿ ಸಂಸ್ಥೆಯ ಮುಖ್ಯಾಧಿಕಾರಿಯೊಡನೆ ಜಿ-ಆನ್ ಕರಾರು ಮಾಡಿಕೊಳ್ಳುತ್ತಾಳೆ. ಅದಕ್ಕಾಗಿ ಅವನ ದೂರವಾಣಿಯ ಮಾತುಗಳನ್ನೆಲ್ಲ ಕದ್ದು ಕೇಳುತ್ತಾಳೆ. ದೋಷ ಹುಡುಕಲು ತೆರೆದ ಕಿವಿಗೆ ಅವನ ಬೇಸರ, ಸಹನೆ, ಅಣ್ಣತಮ್ಮಂದಿರ ಮೇಲಿನ ಅಕ್ಕರೆ ಕೇಳಿಬರುತ್ತವೆ. ಗುಣವನ್ನು ಕದ್ದು ಕೇಳಿಯೇ ತಿಳಿಯಬೇಕಾದಂತಹ ಲೋಕವೊಂದನ್ನು ಈ ಸನ್ನಿವೇಶ ಚಿತ್ರಿಸುತ್ತದೆ.

ಈ ಕೃತಿಯ ಒಂದು ಪ್ರಸಂಗವನ್ನು ಧರ್ಮಕಾರ್ಯಗಳ ಹೊಣೆ ಹೊತ್ತವರು ವಿಶೇಷವಾಗಿ ಗಮನಿಸಬೇಕು. ಅಜ್ಜಿಯನ್ನು ಖರ್ಚಿಲ್ಲದೆ ಆರೈಕೆಯ ಕೇಂದ್ರದಲ್ಲಿ ಸೇರಿಸಲು ಸರಕಾರದ ನಿಯಮದಲ್ಲಿಯೇ ಅವಕಾಶವಿದೆಯೆಂದೂ, ಮೊಮ್ಮಗಳಾದ ಅವಳಿಗೆ ಪೋಷಣೆಯ ಕಡ್ಡಾಯವಿಲ್ಲವಾದುದರಿಂದ ವಿಳಾಸವನ್ನು ಬೇರ್ಪಡಿಸಿದರೆ ಸಾಕೆಂದೂ ದೋಂಗ್-ಹೂನ್ ತಿಳಿಸುತ್ತಾನೆ; ಇಷ್ಟನ್ನು ಹೇಳುವವರು ನಿನಗೆ ಯಾರೂ ಇರಲಿಲ್ಲವೇ ಎಂದು ಮರುಗುತ್ತಾನೆ. ಅವನು ಅಲ್ಲಿ ಕೊಟ್ಟದ್ದು ಒಂದು ಕಾಸೂ ಅಲ್ಲ, ಒಂದು ತಿಳಿವಳಿಕೆ. ಹಕ್ಕಿನಿಂದ ದೊರೆಯಬೇಕಾದ ನೆರವು ಅದನ್ನು ಅರಿಯದವರಿಗೆ ದೊರೆಯದೆ ಹೋಗುವುದು ಎಲ್ಲ ದೇಶಗಳಲ್ಲಿಯೂ ಉಂಟು. ಅರ್ಜಿ ಬರೆದುಕೊಡುವುದು, ಕಚೇರಿಯ ದಾರಿ ತೋರುವುದು ಕೂಡ ದಾನದ ಒಂದು ಬಗೆಯೆಂಬುದನ್ನು ಈ ಚಿಕ್ಕ ಪ್ರಸಂಗ ನೆನಪಿಗೆ ತರುತ್ತದೆ.

ಮುಂದೆ ಅಜ್ಜಿಯೇ ಕೈಸನ್ನೆಯ ಭಾಷೆಯಲ್ಲಿ ಮೊಮ್ಮಗಳಿಗೆ ಬುದ್ಧಿ ಹೇಳುತ್ತಾಳೆ. ಮನುಷ್ಯ ಮನುಷ್ಯರು ಸಂಧಿಸುವುದೇ ವಿಸ್ಮಯ, ಆ ಸಂಬಂಧ ಅಮೂಲ್ಯ, ಪಡೆದುದನ್ನು ತೀರಿಸಲೇಬೇಕು. ನೀನು ಸುಖವಾಗಿ ಬಾಳು, ಅದೇ ತೀರಿಸುವ ಬಗೆ ಎಂಬುದು ಆಕೆಯ ಮಾತಿನ ತಾತ್ಪರ್ಯ. ಸುಖವನ್ನು ತೊರೆಯುವ ಯಿ-ಜಿನ್‌ನ ಪ್ರತಿಜ್ಞೆಯನ್ನೂ ಈ ಉಪದೇಶವನ್ನೂ ಎದುರುಬದುರಾಗಿ ಇಟ್ಟು ನೋಡಬೇಕು. ಸಾಲವನ್ನು ಹಣದಿಂದಲೇ ತೀರಿಸತಕ್ಕದ್ದು. ದುಃಖದಿಂದ ಅದು ತೀರದು. ಋಣ ತೀರುವುದು, ನೆರವು ಪಡೆದವನು ಚೆನ್ನಾಗಿ ಬಾಳಿ ಆ ನೆರವನ್ನು ಸಾರ್ಥಕಗೊಳಿಸಿದಾಗ. ಅಜ್ಜಿ ತೀರಿಕೊಂಡಾಗ ದೋಂಗ್-ಹೂನನ ಅಣ್ಣ ಸಾಂಗ್-ಹೂನ್, ಜೀವನದಲ್ಲಿ ಸೋತವನೆಂದು ಎಲ್ಲರೂ ಬಗೆದವನು, ಗುಟ್ಟಾಗಿ ಕೂಡಿಟ್ಟಿದ್ದ ಹಣವನ್ನು ಆ ಅನಾಥೆಯ ಅಂತ್ಯಕ್ರಿಯೆಗೆ ಮರ್ಯಾದೆಯಿಂದ ವೆಚ್ಚ ಮಾಡುತ್ತಾನೆ. ಅವನ ಬಾಳಿನ ಏಕೈಕ ಉಳಿತಾಯಕ್ಕೆ ಅದಕ್ಕಿಂತ ಒಳ್ಳೆಯ ವಿನಿಯೋಗ ಇರಲಿಲ್ಲ.

ಇನ್ನು ಜಗತ್ತೆಲ್ಲ ಬಲ್ಲ 'ಸ್ಕ್ವಿಡ್ ಗೇಮ್'. 2021ರ ಸೆಪ್ಟೆಂಬರಿನಲ್ಲಿ 9 ಕಂತುಗಳಲ್ಲಿ ಬಂದ, ಹ್ವಾಂಗ್ ದೋಂಗ್-ಹ್ಯುಕ್ ಬರೆದು ನಿರ್ದೇಶಿಸಿದ ಈ ಕೃತಿಯಲ್ಲಿ ಸಾಲದಲ್ಲಿ ಮುಳುಗಿದ 456 ಜನರು ಮಕ್ಕಳ ಆಟಗಳನ್ನಾಡುತ್ತಾರೆ, ಸೋತವರನ್ನು ಕೊಲ್ಲಲಾಗುತ್ತದೆ. ಒಂದು ಜೀವಕ್ಕೆ 10 ಕೋಟಿ ವೊನ್‌ನಂತೆ ಒಟ್ಟು 4,560 ಕೋಟಿ ವೊನ್ ಬಹುಮಾನ. ಹಿಂಸೆಯ ವೈಭವದಿಂದಾಗಿ ಇದು ಎಳೆಯರಿಗೆ ತಕ್ಕುದಲ್ಲವೆಂದು ಮೊದಲೇ ಹೇಳಬೇಕು. ಆದರೆ ಇದರ ಎರಡನೆಯ ಕಂತು ಆಳವಾದ ಚಿಂತನೆಯ ಫಲ. ಮೊದಲ ಆಟದ ಹತ್ಯಾಕಾಂಡದ ಅನಂತರ ಉಳಿದ 201 ಜನರು ಒಂದೇ ಮತದ ಅಂತರದಿಂದ ಆಟವನ್ನು ನಿಲ್ಲಿಸಿ ಮನೆಗೆ ಹಿಂದಿರುಗುತ್ತಾರೆ. ಆದರೆ ಅವರಲ್ಲಿ 187 ಜನರು ತಾವಾಗಿಯೇ ಮತ್ತೆ ಬರುತ್ತಾರೆ. ಹೊರಗಿನ ಬದುಕೂ ಅವರನ್ನು ಹಾಗೆಯೇ ಕೊಲ್ಲುತ್ತಿತ್ತು. ಸಹಿ ಇದೆ, ಒಪ್ಪಿಗೆ ಇದೆ, ಮತದಾನವೂ ಇದೆ. ಆದರೂ ಅದು ಸ್ವಾತಂತ್ರ್ಯವಲ್ಲ. ಬೇರೆ ದಾರಿಯಿಲ್ಲದವನಿಂದ ಪಡೆದ ಸಹಿ ಧರ್ಮಸಮ್ಮತವೇ ಎಂಬುದು ಲೇವಾದೇವಿ ಮಾಡುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಇದೇ ಕಥೆಯಲ್ಲಿ ಅಲಿ ಎಂಬ ಪಾಕಿಸ್ತಾನದ ಕೂಲಿಗಾರನಿದ್ದಾನೆ. ಆ ಪಾತ್ರವನ್ನು ವಹಿಸಿದವರು ಭಾರತೀಯ ನಟ ಅನುಪಮ್ ತ್ರಿಪಾಠಿ. ಕೆಲಸಕ್ಕಿಟ್ಟುಕೊಂಡವನು ತಿಂಗಳುಗಟ್ಟಲೆ ಸಂಬಳ ಕೊಡದೆ ಸತಾಯಿಸಿದ ಈ ಬಡವನಿಗೆ ಸಾಂಗ್-ವೂ ಎಂಬ ವಿದ್ಯಾವಂತ ಒಮ್ಮೆ ಬಸ್ಸಿನ ಖರ್ಚಿಗೆ ಹಣ ಕೊಡುತ್ತಾನೆ. ಅಷ್ಟು ಚಿಕ್ಕ ಉಪಕಾರವನ್ನು ಅಲಿ ಪೂರ್ಣ ವಿಶ್ವಾಸದಿಂದ ಹಿಂದಿರುಗಿಸುತ್ತಾನೆ. ಆ ವಿಶ್ವಾಸವನ್ನೇ ಉಪಕರಣವಾಗಿಸಿಕೊಂಡು ಸಾಂಗ್-ವೂ ಅವನ ಗೋಲಿಗಳನ್ನು ಕದ್ದು ಅವನನ್ನು ಸಾವಿಗೆ ಒಪ್ಪಿಸುತ್ತಾನೆ. ತಾಯಿಯ ಮನೆ ಅಂಗಡಿಗಳನ್ನೇ ಅಡವಿಟ್ಟವನಿಗೆ ಗೆಳೆಯನ ನಂಬಿಕೆಯೂ ಅಡವಿಡತಕ್ಕ ಇನ್ನೊಂದು ಸ್ವತ್ತಾಗಿ ಕಂಡಿತು. ಕೊನೆಗೆ ಗೆದ್ದ ಗಿ-ಹೂನ್ ಒಂದು ವರ್ಷ ಆ ಹಣವನ್ನು ಮುಟ್ಟುವುದಿಲ್ಲ. ಬಳಿಕ ಸತ್ತ ಸಾಂಗ್-ವೂನ ತಾಯಿಯ ಬಳಿ ಹಣದ ಪೆಟ್ಟಿಗೆಯೊಂದನ್ನು ಬಿಟ್ಟು, ಇದು ನಿಮ್ಮ ಮಗನಿಂದ ತಾನು ಪಡೆದಿದ್ದ ಸಾಲವೆಂದು ಚೀಟಿಯಲ್ಲಿ ಬರೆಯುತ್ತಾನೆ. ಅಂತಹ ಸಾಲವೇ ಇರಲಿಲ್ಲ. ಋಣಕ್ಕೆ ಹೆಸರಿಲ್ಲದುದರಿಂದ ಸಾಲದ ಹೆಸರನ್ನು ಎರವಲು ಪಡೆದ ಆ ಚೀಟಿ, ಕೃತಿಯ ರಕ್ತಪಾತಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಆದರೆ ಈ ಕೃತಿ ತನ್ನ ಮಾತನ್ನು ತಾನೇ ಉಳಿಸಿಕೊಳ್ಳಲಿಲ್ಲ. ಜೀವಕ್ಕೆ ಬೆಲೆ ಕಟ್ಟಬಾರದೆಂಬ ಕಥೆಯನ್ನು ಆಧರಿಸಿ 2023ರಲ್ಲಿ ನಿಜವಾದ 456 ಜನರನ್ನು ಕೂಡಿಸಿ, 45 ಲಕ್ಷ 60 ಸಾವಿರ ಡಾಲರುಗಳ ಬಹುಮಾನದ ಸ್ಪರ್ಧೆಯನ್ನು ಅದೇ ಸಂಸ್ಥೆ ನಡೆಸಿತು. ಅಲ್ಲಿ ಯಾರೂ ಸಾಯಲಿಲ್ಲ, ನಿಜ. ಆದರೂ ಮೂಲಕೃತಿಯಲ್ಲಿ ಆಸನಗಳಲ್ಲಿ ಕುಳಿತು ಆಟವನ್ನು ನೋಡಿ ನಲಿಯುವ ಧನಿಕರ ಸ್ಥಾನದಲ್ಲಿ ಈಗ ಪ್ರೇಕ್ಷಕನನ್ನೇ ಕೂರಿಸಿದಂತಾಯಿತು. 2024 ಮತ್ತು 2025ರಲ್ಲಿ ಬಂದ ಮುಂದಿನ ಭಾಗಗಳಲ್ಲಿ ಮರಣಗಳು ಹೆಚ್ಚಿದಷ್ಟು ವಿಚಾರ ಹೆಚ್ಚಲಿಲ್ಲ.

ಗುಣದೊಡನೆ ದೋಷಗಳನ್ನೂ ಹೇಳುವುದು ವಿಮರ್ಶೆಯ ಧರ್ಮ. ಕೊರಿಯಾದ ಧಾರಾವಾಹಿಗಳಲ್ಲಿ ಪದೇ ಪದೇ ಕಾಣುವ ದೋಷಗಳು ಮೂರು. ಮೊದಲನೆಯದು, ಸಿರಿವಂತ ಉತ್ತರಾಧಿಕಾರಿಯಿಂದ ಬಡ ಹುಡುಗಿಯ ಉದ್ಧಾರ. 2009ರ 'ಬಾಯ್ಸ್ ಓವರ್ ಫ್ಲವರ್ಸ್' ಇದಕ್ಕೆ ಪ್ರಸಿದ್ಧ ಉದಾಹರಣೆ. ಬಟ್ಟೆ ಒಗೆಯುವ ಅಂಗಡಿಯವರ ಮಗಳನ್ನು ಮಹೋದ್ಯಮದ ವಾರಸುದಾರ ಪ್ರೀತಿಸುತ್ತಾನೆ. ಅವನ ಐಶ್ವರ್ಯ ಎಲ್ಲಿಂದ ಬಂತು, ಯಾರ ಬೆವರಿನಿಂದ ಬಂತು ಎಂಬ ವಿಚಾರಣೆಯೇ ಇಲ್ಲ. ಬಡತನದ ಪ್ರಶ್ನೆಗೆ ಮದುವೆಯ ಉತ್ತರ ಕೊಡುವುದು ಖರ್ಚಿನ ಬದಿಯನ್ನು ಮುಚ್ಚಿ ಜಮೆಯ ಬದಿಯನ್ನು ಮಾತ್ರ ಓದಿದಂತೆ.

ಎರಡನೆಯದು ಪ್ರತೀಕಾರ. 2022ರ ಡಿಸೆಂಬರಿನಲ್ಲಿಯೂ 2023ರ ಮಾರ್ಚಿನಲ್ಲಿಯೂ ಎರಡು ಭಾಗಗಳಾಗಿ ಬಂದ 'ದಿ ಗ್ಲೋರಿ' ಧಾರಾವಾಹಿಯಲ್ಲಿ, ಶಾಲೆಯಲ್ಲಿ ಸಹಪಾಠಿಗಳಿಂದ ಕ್ರೂರವಾಗಿ ಹಿಂಸೆಗೊಳಗಾದ ಬಾಲಿಕೆ ಬೆಳೆದು ಅವರನ್ನು ಒಬ್ಬೊಬ್ಬರಾಗಿ ನಾಶಗೊಳಿಸುತ್ತಾಳೆ. ಆಕೆಯ ತಾಯಿಯೇ ಹಣ ಪಡೆದು ರಾಜಿಗೆ ಸಹಿ ಹಾಕಿದಳೆಂಬ ಪ್ರಸಂಗ ಹೃದಯವಿದ್ರಾವಕ. ನ್ಯಾಯವನ್ನು ಕೊಳ್ಳಬಹುದಾದ ಸಮಾಜದ ಮೇಲೆ ಕೃತಿ ಹೊರಿಸುವ ಆರೋಪ ಸತ್ಯವಾದುದು. ಆದರೆ ಸೇಡೂ ಒಂದು ಸಾಲದ ಲೆಕ್ಕವೇ. ಅದಕ್ಕೆ ಚಕ್ರಬಡ್ಡಿ ಏರುತ್ತದೆ. ಅದನ್ನು ವಸೂಲು ಮಾಡುವವನ ಆಯುಷ್ಯವೇ ಆ ಬಡ್ಡಿಗೆ ಸಲ್ಲುತ್ತದೆ. ಕೃತಿ ಇದನ್ನು ಅರಿತಂತೆ ತೋರಿದರೂ ಶತ್ರುಗಳ ಪತನದಲ್ಲಿ ಪ್ರೇಕ್ಷಕನಿಗೆ ರುಚಿ ಹುಟ್ಟಿಸುವುದನ್ನು ಬಿಡಲಾರದು.

ಮೂರನೆಯ ದೋಷವನ್ನು ವ್ಯಾಪಾರದ ಅನುಭವವುಳ್ಳವರು ಬೇಗ ಗುರುತಿಸಿಯಾರು. ಈ ಕಥೆಗಳಲ್ಲಿ ಸಾಲ ಕೊಡುವವನು ಬಹುಮಟ್ಟಿಗೆ ದೊಣ್ಣೆ ಹಿಡಿದ ದುಷ್ಟ. ನ್ಯಾಯವಾದ ಬಡ್ಡಿಗೆ ಕೊಟ್ಟು, ವಾಯಿದೆ ಮೀರಿದರೂ ಕಾದು, ಕೊನೆಗೆ ತಾನೇ ಕೆಟ್ಟವನ ಕಥೆ ತೀರ ಅಪರೂಪ. ಸಾಲಗಾರನ ಕಣ್ಣೀರು ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಮುಳುಗಿದ ಹಣದ ಹಿಂದಿನ ಕಣ್ಣೀರು ಕಾಣುವುದಿಲ್ಲ. ಯಿ-ಜಿನ್‌ನನ್ನು ಹುಡುಕಿಬಂದ ಆ ಹತಾಶ ಜನರು ಮನಸ್ಸಿನಲ್ಲಿ ಉಳಿಯುವುದು ಈ ಕಾರಣದಿಂದಲೇ.

ವರ್ತಕನ ಬಾಳನ್ನೇ ವಸ್ತುವಾಗಿಸಿಕೊಂಡ ಹಳೆಯ ಕೃತಿಯೊಂದು ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತದೆ. ಚೋಯ್ ಇನ್-ಹೋ ಅವರ ಕಾದಂಬರಿಯನ್ನು ಆಧರಿಸಿ, 'ದೇ ಜಾಂಗ್ ಗೂಮ್' ನಿರ್ದೇಶಿಸಿದ ಲೀ ಬ್ಯುಂಗ್-ಹೂನ್ ಅವರೇ ಅದಕ್ಕಿಂತ ಮೊದಲು, 2001–02ರಲ್ಲಿ, ನಿರ್ದೇಶಿಸಿದ 50 ಕಂತುಗಳ 'ಸಾಂಗ್‌ದೋ' ಅದು. ಹೆಸರಿನ ಅರ್ಥ ವ್ಯಾಪಾರದ ಮಾರ್ಗ. ಇದರ ನಾಯಕ ಇಮ್ ಸಾಂಗ್-ಓಕ್ (1779–1855) ಐತಿಹಾಸಿಕ ವ್ಯಕ್ತಿ. ಗಡಿಯ ಉಯಿಜು ಪಟ್ಟಣದಿಂದ ಚೀನಾದೊಡನೆ ಜಿನ್ಸೆಂಗ್ ಬೇರಿನ ವ್ಯಾಪಾರ ಮಾಡಿ ಮಹಾಶ್ರೀಮಂತನಾದವನು. ಬೀಜಿಂಗಿನ ವರ್ತಕರು ಒಳಸಂಚು ಮಾಡಿ ಬೆಲೆ ಇಳಿಸಲು ಹವಣಿಸಿದಾಗ ಅವನು ತನ್ನ ಸರಕಿಗೆ ತಾನೇ ಬೆಂಕಿಯಿಟ್ಟು ಅವರನ್ನು ಮಣಿಸಿದನೆಂಬ ವೃತ್ತಾಂತ ಅಲ್ಲಿ ಮನೆಮಾತು. ಮೇರೆ ಮೀರಿ ತುಂಬಿದರೆ ಪೂರ್ತಿ ಬರಿದಾಗುವ ಬಟ್ಟಲೊಂದರ ದೃಷ್ಟಾಂತ ಅವನ ಹೆಸರಿನೊಡನೆ ಸೇರಿಕೊಂಡಿದೆ. ವ್ಯಾಪಾರದಲ್ಲಿ ಗಳಿಸಬೇಕಾದುದು ಲಾಭಕ್ಕಿಂತ ಮೊದಲು ಮನುಷ್ಯರನ್ನು ಎಂಬುದೇ ಈ ಕೃತಿಯ ಸಾರ. ನಾಯಕನ ಗುಣಗಳನ್ನು ಒಮ್ಮೊಮ್ಮೆ ಅತಿಯಾಗಿ ಬೆಳಗಿಸಿದ್ದರೂ, ಲಾಭವನ್ನು ಪಾಪವೆನ್ನದೆ ಲೋಭವನ್ನು ಮಾತ್ರ ಪಾಪವೆನ್ನುವ ವಿವೇಕ ಇದರಲ್ಲಿದೆ.

ಮನೆಮಂದಿ ಕುಳಿತು ನೋಡಲು ಈ ಕೃತಿಗಳಲ್ಲಿ 'ರಿಪ್ಲೈ 1988' ಮೊದಲಿಗೆ ತಕ್ಕುದು. ಪ್ರಾಯಕ್ಕೆ ಬಂದ ಮಕ್ಕಳೊಡನೆ 'ಮೈ ಮಿಸ್ಟರ್' ನೋಡಿ ಚರ್ಚಿಸಬಹುದು. ಅದರ ಹೊಡೆತ ಬಡಿತಗಳು ಕಠೋರವಾದರೂ ಅನಾವಶ್ಯಕವಲ್ಲ. ಜಾಮೀನಿಗೆ ಸಹಿ ಹಾಕುವ ಮುನ್ನ ಏನನ್ನು ಯೋಚಿಸಬೇಕು, ತಂದೆಯ ಸಾಲಕ್ಕೆ ಮಗ ಎಷ್ಟರಮಟ್ಟಿಗೆ ಹೊಣೆ, ಕೊಟ್ಟವನು ಕೇಳುವುದಕ್ಕೂ ಪೀಡಿಸುವುದಕ್ಕೂ ನಡುವಣ ಗೆರೆ ಎಲ್ಲಿದೆ ಎಂಬಂತಹ ವಿಷಯಗಳನ್ನು ಹಿರಿಯರು ಕಿರಿಯರೊಡನೆ ಮಾತನಾಡುವ ಸಂದರ್ಭಗಳು ಈಗ ಕಡಮೆಯಾಗುತ್ತಿವೆ. ದೂರದ ದೇಶದ ಧಾರಾವಾಹಿಯೊಂದು ಆ ಮಾತಿಗೆ ಎಡೆಮಾಡಿಕೊಟ್ಟರೆ, ಅದರ ಮುಂದೆ ಕಳೆದ ಸಂಜೆಗಳು ವ್ಯರ್ಥವಾದವೆಂದು ಬಗೆಯಬೇಕಾಗಿಲ್ಲ.